ದೊಡ್ಡಕ್ಕ ಮತ್ತು ಒಂಬತ್ತನೇ ಹಲಗೆ

ಕೆಲಸಕ್ಕೆ ಸೇರಿದ ದಿನ ದೊಡ್ಡಕ್ಕ ನನ್ನ ಕೈ ಮೂಸಿ ನೋಡಿದರು. ಬಲಗೈ ಮೂಸಿದರು, ಎಡಗೈ ಮೂಸಿದರು, ಆಮೇಲೆ ಪಕ್ಕದಲ್ಲಿದ್ದ ತಮ್ಮನ ಕಡೆ ತಿರುಗಿ, "ಬರೀ ಸೋಪಿನ ವಾಸನೆ. ಕೆಲಸ ಮಾಡೋ ಕೈಯಲ್ಲ ಇದು" ಅಂದರು. ಒಳ್ಳೆಯ ಅಭಿಪ್ರಾಯ ಬರಲಿ ಎಂದು ಬೆಳಿಗ್ಗೆ ಎರಡು ಸಲ ಕೈ ತೊಳೆದುಕೊಂಡು ಹೋಗಿದ್ದೆ. ಅದಕ್ಕೂ ಮುಂಚೆ ಮೂರು ಕಡೆ ಕೆಲಸ ಬಿಟ್ಟಿದ್ದೆ. ಸರಿಯಾಗಿ ಹೇಳಬೇಕೆಂದರೆ ಮೂರೂ ಕೆಲಸಗಳು ನನ್ನನ್ನು ಬಿಟ್ಟಿದ್ದವು.

ಮೂಸುವುದು ದೊಡ್ಡಕ್ಕನ ಕೆಲಸವೇ ಆಗಿತ್ತು. ಮುಗ್ಗಲು ಹಿಡಿದ ಬಿರಡೆ ಹಾಕಿದರೆ ಆ ಬಾಟಲಿಯ ವೈನ್ ಕೆಟ್ಟಂತೆ. ಅದಕ್ಕೇ ಅವರು ನೆಲಮಾಳಿಗೆಯ ಬಾಗಿಲ ಪಕ್ಕದಲ್ಲಿ ಉದ್ದನೆಯ ಮೇಜು ಹಾಕಿಕೊಂಡು, ಚೀಲದಿಂದ ಒಂದೊಂದೇ ಬಿರಡೆ ತೆಗೆದು ಮೂಗಿಗೆ ಹಿಡಿಯುತ್ತಾ ಕೂರುತ್ತಿದ್ದರು. ಒಳ್ಳೆಯದು ಬಲಗಡೆ ಬುಟ್ಟಿಗೆ, ಅನುಮಾನದ್ದು ಎಡಗಡೆ ಬುಟ್ಟಿಗೆ. ಎಡಗಡೆ ಬುಟ್ಟಿ ಸದಾ ತುಂಬಿರುತ್ತಿತ್ತು. ಮನುಷ್ಯರಿಗೂ ಅವರ ಹತ್ತಿರ ಅವೇ ಎರಡು ಬುಟ್ಟಿ. ಅಂಚೆಯವನು ಎಡಗಡೆ, ಲಾರಿ ಡ್ರೈವರ್ ಎಡಗಡೆ, ಕರೆಂಟು ಮೀಟರ್ ಓದಲು ಬರುವವನು ಎಡಗಡೆಯ ತಳದಲ್ಲಿ. ಬಲಗಡೆ ಬುಟ್ಟಿಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ಕೇಳಿದೆ.

"ನಮ್ಮಪ್ಪ ಇದ್ರು" ಅಂದರು. "ಅವರೂ ಕೊನೆಕೊನೆಗೆ ಸ್ವಲ್ಪ ಹಾಗೇ."

ಆ ವೈನ್ ಮನೆಯನ್ನು ಕಟ್ಟಿದ್ದು ಆ ಅಪ್ಪನೇ. ಕೆಳಗೆ ಇಪ್ಪತ್ತೆಂಟು ಮೆಟ್ಟಿಲಿಳಿದರೆ ಕಲ್ಲಿನ ನೆಲಮಾಳಿಗೆ, ನಡುವೆ ಕಚೇರಿ, ಮೇಲೆ ಅಕ್ಕ ತಮ್ಮಂದಿರ ವಾಸ. ಹಿಂದಿನ ದಿಬ್ಬದ ಮೇಲೆ ಹಳೆಯ ದ್ರಾಕ್ಷಿ ತೋಟ. ಅದು ಆ ನೆಲದ್ದೇ ದ್ರಾಕ್ಷಿ. ಬೇರೆಲ್ಲೂ ಬೆಳೆಯದು, ಬೆಳೆದರೂ ಯಾರಿಗೂ ಬೇಡ. ಸಣ್ಣ ಕಾಯಿ, ದಪ್ಪ ಸಿಪ್ಪೆ, ಬಾಯಿಗಿಟ್ಟರೆ ಕಿವಿಯವರೆಗೂ ಹುಳಿ. ಮನೆಯವರು ಅದಕ್ಕೆ 'ಸಿಡುಕಿ' ಎಂದು ಹೆಸರಿಟ್ಟಿದ್ದರು. ಹೊರಗಿನವರು ಅದೇ ಹೆಸರನ್ನು ದೊಡ್ಡಕ್ಕನಿಗೂ ಬಳಸುತ್ತಿದ್ದರು, ಅವರ ಕಿವಿಗೆ ಬೀಳದ ಹಾಗೆ.

ಸಿಡುಕಿಯಿಂದ ನೊರೆಯುಕ್ಕುವ ವೈನ್ ಮಾಡುವುದು ಹೀಗೆ: ಹುಳಿ ವೈನಿಗೆ ಒಂದಿಷ್ಟು ಸಕ್ಕರೆ, ಒಂದಿಷ್ಟು ಯೀಸ್ಟ್ ಸೇರಿಸಿ, ಬಾಟಲಿಗೆ ತಗಡಿನ ಮುಚ್ಚಳ ಬಿಗಿದು ಕತ್ತಲಲ್ಲಿ ಎರಡು ವರ್ಷ ಮಲಗಿಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಒಳಗೇ ಗುಳ್ಳೆ ಹುಟ್ಟಿಸಿ, ತಾನು ಸತ್ತು ಗಸಿಯಾಗಿ ತಳದಲ್ಲಿ ಕೂರುತ್ತದೆ. ಆ ಗಸಿಯನ್ನು ಹೊರಗೆ ತೆಗೆಯಬೇಕು, ಗುಳ್ಳೆ ಒಳಗೇ ಉಳಿಯಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ತೂತು ಕೊರೆದ ಓರೆ ಹಲಗೆಗಳಲ್ಲಿ ಬಾಟಲಿಗಳ ಕತ್ತು ಸಿಕ್ಕಿಸಿ, ದಿನಕ್ಕೆ ಒಂದು ಚೂರು ತಿರುಗಿಸುತ್ತಾ, ಒಂದು ಚೂರು ತಲೆಕೆಳಗು ಮಾಡುತ್ತಾ ಹೋದರೆ, ಗಸಿಯೆಲ್ಲ ಜಾರಿ ಜಾರಿ ಮುಚ್ಚಳದ ಮೇಲೆ ಬಂದು ಕೂರುತ್ತದೆ. ಆಗ ಕತ್ತನ್ನು ಮಂಜುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಗಟ್ಟಿ ಹಾರಿಹೋಗುತ್ತದೆ. ಉಳಿದದ್ದು ತಿಳಿ; ಅದಕ್ಕೆ ದೊಡ್ಡಕ್ಕ ಮೂಸಿದ ಬಿರಡೆ.

ಆ ತಿರುಗಿಸುವವನೇ ನಾನು. ಹಲಗೆಗೆ ನೂರಿಪ್ಪತ್ತು ಬಾಟಲಿ, ಒಟ್ಟು ಒಂಬತ್ತು ಹಲಗೆ. ಪ್ರತಿ ಬಾಟಲಿಯ ತಳದಲ್ಲಿ ಒಂದು ಬಿಳಿ ಬಣ್ಣದ ಗೆರೆ. ಗಡಿಯಾರದ ಮುಳ್ಳಿನ ಹಾಗೆ ಅದನ್ನು ನೋಡಿ ಎಷ್ಟು ತಿರುಗಿದೆ ಎಂದು ಲೆಕ್ಕ. ಹೇಗೆ ತಿರುಗಿಸಬೇಕೆಂದು ಹಲಗೆ ಮಾರಿದ ಅಂಗಡಿಯವರೇ ಒಂದು ಕಾಗದ ಕೊಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಕೆಳಗಿಳಿಯುತ್ತಿದ್ದೆ. ದೊಡ್ಡಕ್ಕ ನನ್ನನ್ನು 'ಕಾಗದ' ಎಂದೇ ಕರೆಯತೊಡಗಿದರು. "ಏ ಕಾಗದ, ಇವತ್ತು ಓದಿ ಮುಗೀತಾ?"

ಮೂವತ್ತು ವರ್ಷ ಆ ಹಲಗೆಗಳನ್ನು ತಿರುಗಿಸಿದ್ದು ದೊಡ್ಡಕ್ಕನೇ ಎಂಬುದು ನನಗೆ ಗೊತ್ತಿತ್ತು. ನಾನು ಬರುವುದಕ್ಕೆ ಒಂದು ವರ್ಷ ಮುಂಚೆ ಒಂದು ಬಾಟಲಿ ಸಿಡಿದು ಅವರ ಎಡಗಣ್ಣು ಹೋಯಿತು. ಒಳಗಿನ ಒತ್ತಡಕ್ಕೆ ಗಾಜು ಹಾಗೆ ಸಿಡಿಯುವುದುಂಟು. ತಂತಿಯ ಮುಖವಾಡ ಹಾಕಿಕೊಂಡೇ ಇಳಿಯಬೇಕು. ಆ ದಿನ ತಮ್ಮ "ಬೇಗ ಬಾ ಅಕ್ಕ, ಲಾರಿ ಕಾಯ್ತಿದೆ" ಎಂದು ಕೂಗಿದ್ದರಂತೆ, ಇವರು ಹಾಗೇ ಇಳಿದಿದ್ದರಂತೆ. ಅಂದಿನಿಂದ ಆ ತಮ್ಮ, ಅಂದರೆ ನಮ್ಮ ಯಜಮಾನರು, ಅಕ್ಕನ ಬೀಗದ ಕೈ ಕಿತ್ತುಕೊಂಡು, ನೆಲಮಾಳಿಗೆಗೆ ಕಾಲಿಡಕೂಡದು ಎಂದು ಕಟ್ಟುಮಾಡಿದ್ದರು. ಉಳಿದದ್ದು ಎರಡೇ ಕೀಲಿ. ಒಂದು ಯಜಮಾನರದು, ಇನ್ನೊಂದು ನನ್ನದು.

ದೊಡ್ಡಕ್ಕ ಮೇಲೆ ಕೂತ ಮೊದಲ ವರ್ಷ ಹೊರಗಿನವನೊಬ್ಬ ಬಂದು ತಿರುಗಿಸಿದ. ವೈನ್ ಸುಣ್ಣದ ನೀರಿನಂತೆ ಮಂಕಾಗಿಯೇ ಉಳಿಯಿತು. ಎರಡನೇ ವರ್ಷ ನಾನು. ಅಷ್ಟರಲ್ಲಿ ಸಸಿ ಮಾರುವವನೊಬ್ಬ ಬಣ್ಣದ ಚಿತ್ರಗಳ ಪುಸ್ತಕ ಹಿಡಿದುಕೊಂಡು ಯಜಮಾನರ ಹಿಂದೆ ಬಿದ್ದಿದ್ದ. ಹೊರದೇಶದ ಹೆಸರುವಾಸಿ ದ್ರಾಕ್ಷಿ, ಗಸಿ ತಾನಾಗಿಯೇ ಜಾರುತ್ತದೆ, ಯಾರು ತಿರುಗಿಸಿದರೂ ಆಗುತ್ತದೆ. ಕೊನೆಯ ಮಾತು ಹೇಳುವಾಗ ಅವನು ನನ್ನ ಕಡೆ ನೋಡಿದ.

ಯಜಮಾನರು ಅಕ್ಕನ ಮೇಜಿನ ಮುಂದೆಯೇ ತೀರ್ಮಾನ ಹೇಳಿದರು. "ಈ ಸಲಾನೂ ಮಂಕಾದ್ರೆ ಮೇಲಿನ ತೋಟ ಕೀಳಿಸ್ತೀನಿ ಅಕ್ಕ. ಕೊಳ್ಳೋರು ಬಂದು ದೀಪದ ಮುಂದೆ ಹಿಡಿದು ನೋಡ್ತಾರೆ. ಇನ್ನೊಂದು ಸಲ ನಂಗೆ ತಲೆತಗ್ಗಿಸೋಕೆ ಆಗಲ್ಲ. ದ್ರಾಕ್ಷಿನೇ ಸರಿ ಇಲ್ಲ."

"ದ್ರಾಕ್ಷಿ ಸರಿ ಇದೆ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೀನು ಕೆಳಗೆ ಹೋಗೋಕೆ ಹೀಗೆಲ್ಲ ಹೇಳ್ತೀಯ ಅಂತ ನಂಗೊತ್ತು."

ದೊಡ್ಡಕ್ಕ ಕೈಯಲ್ಲಿದ್ದ ಬಿರಡೆಯನ್ನು ಮೂಸದೆಯೇ ಎಡಗಡೆ ಬುಟ್ಟಿಗೆ ಎಸೆದರು. ಆ ತೋಟದ ಒಂದೊಂದು ಬಳ್ಳಿಯನ್ನೂ ಅಪ್ಪನ ಜೊತೆ ನೆಟ್ಟವರು ಅವರು. ಹೆಣ್ಣು ನೋಡಲು ಬಂದ ಗಂಡುಗಳನ್ನೆಲ್ಲ ಅಲ್ಲಿಗೇ ಕರೆದುಕೊಂಡು ಹೋಗಿ ಒಂದು ಕಾಯಿ ತಿನ್ನಿಸುತ್ತಿದ್ದರಂತೆ. ಮುಖ ಹಿಂಡಿದವರನ್ನು ಹಾಗೇ ವಾಪಸ್ಸು ಕಳಿಸುತ್ತಿದ್ದರಂತೆ. ಎಲ್ಲರೂ ಹಿಂಡಿದ್ದರು.

ನಾನು ತಿರುಗಿಸಲು ಶುರುಮಾಡಿ ಒಂದು ವಾರವಾಗಿತ್ತು. ಒಂದು ಬೆಳಿಗ್ಗೆ ಮೊದಲ ಹಲಗೆಯ ಮುಂದೆ ನಿಂತವನು ಕಣ್ಣುಜ್ಜಿಕೊಂಡೆ. ಹಿಂದಿನ ದಿನ ಗಡಿಯಾರದ ಮೂರರ ಕಡೆ ನಿಲ್ಲಿಸಿದ್ದ ಬಿಳಿ ಗೆರೆಗಳು ನಾಲ್ಕರ ಕಡೆ ವಾಲಿದ್ದವು. ಒಂದಲ್ಲ, ಎರಡಲ್ಲ, ನೂರಿಪ್ಪತ್ತೂ. ಮುಂದಿನ ಹಲಗೆಯಲ್ಲೂ ಹಾಗೆಯೇ. ನಾನೇ ತಪ್ಪು ನಿಲ್ಲಿಸಿರಬೇಕೆಂದು ಮೊದಲು ಅನ್ನಿಸಿತು. ನನ್ನ ಹಿಂದಿನ ಮೂರು ಯಜಮಾನರೂ ಹಾಗೆಯೇ ಅನ್ನುತ್ತಿದ್ದರು. ಎಲ್ಲವನ್ನೂ ಕಾಗದದ ಪ್ರಕಾರ ಸರಿಮಾಡಿದೆ. ಮಾರನೆಯ ಬೆಳಿಗ್ಗೆ ಮತ್ತೆ ವಾಲಿದ್ದವು. ಮತ್ತೆ ಸರಿಮಾಡಿದೆ.

ಯಾರೋ ಕೆಳಗೆ ಬಂದು ನನ್ನ ಕೆಲಸ ಕೆಡಿಸುತ್ತಿದ್ದಾರೆ. ಯಾರು? ಅಂಗಿಯ ಅಂಚಿನಿಂದ ನೂಲೊಂದನ್ನು ಎಳೆದು ಮೂರನೇ ಹಲಗೆಗೆ ಅಡ್ಡ ಕಟ್ಟಿದೆ. ಮಾರನೆಯ ದಿನ ನೂಲು ಇದ್ದ ಹಾಗೇ ಇತ್ತು. ಆದರೆ ಗಂಟು ನನ್ನದಲ್ಲ. ನಾನು ಹಾಕುವ ಗಂಟು ನನ್ನ ಹಾಗೇ ಇರುತ್ತದೆ, ದಪ್ಪ, ಗಲೀಜು, ಯಾವ ಕ್ಷಣದಲ್ಲಾದರೂ ಬಿಚ್ಚಿಕೊಳ್ಳುವಂಥದ್ದು. ಇದು ಚಪ್ಪಟೆಯಾದ ಅಂದದ ಗಂಟು. ತೋಟದಲ್ಲಿ ಬಳ್ಳಿಯನ್ನು ತಂತಿಗೆ ಕಟ್ಟುವಾಗ ಹಾಕುವಂಥದ್ದು.

ದಿನವಿಡೀ ತೋಟದಲ್ಲಿ ಬಳ್ಳಿ ಕಟ್ಟುವವರು ಯಜಮಾನರು. ಇನ್ನೊಂದು ಕೀಲಿ ಇರುವುದೂ ಅವರ ಹತ್ತಿರವೇ. ನನಗೆ ಎಲ್ಲ ಹೊಳೆದುಹೋಯಿತು. ಅಕ್ಕನ ಜೊತೆ ಜಗಳವಾಡದೆ ತೋಟ ಕೀಳಬೇಕು. ಅದಕ್ಕೆ ವೈನ್ ಮಂಕಾಗಬೇಕು. ಮಂಕಾಗಲು ಒಬ್ಬ ಪೆದ್ದ ಬೇಕು, ತಪ್ಪನ್ನು ಅವನ ತಲೆಗೆ ಕಟ್ಟಬೇಕು. ಪೆದ್ದನನ್ನು ಹುಡುಕಿ ಕೆಲಸ ಕೊಟ್ಟಾಗಿತ್ತು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಅಂದಿನಿಂದ ಯಜಮಾನರು ಬೆನ್ನು ತಟ್ಟಿದರೂ ಅದರಲ್ಲಿ ಏನೋ ಇದೆ ಅನ್ನಿಸುತ್ತಿತ್ತು.

ದೊಡ್ಡಕ್ಕನ ಮೇಲೆ ಮಾತ್ರ ನನಗೆ ಅನುಮಾನ ಹುಟ್ಟಲಿಲ್ಲ. ಅವರು ಅನುಮಾನ ಪಡುವವರು. ಅವರ ಮೇಲೆ ಅನುಮಾನ ಪಡುವುದು ತಕ್ಕಡಿಯನ್ನೇ ತೂಕಕ್ಕಿಟ್ಟ ಹಾಗೆ. ಮಧ್ಯಾಹ್ನ ಊಟವಾದ ಮೇಲೆ ನಾನು ಹಿತ್ತಲಿನ ಷೆಡ್ಡಿನಲ್ಲಿ ಗೋಣಿಚೀಲದ ಮೇಲೆ ಒಂದು ಗಂಟೆ ಅಡ್ಡಾಗುತ್ತಿದ್ದೆ. ಹಾಗೆ ಹೋಗುವಾಗ ಕೋಟನ್ನು ಅವರ ಮೇಜಿನ ಪಕ್ಕದ ಗೂಟಕ್ಕೆ ತಗಲಿಹಾಕುತ್ತಿದ್ದೆ. ಅದೂ ಅವರೇ ಹೇಳಿದ್ದು. "ಇಲ್ಲೇ ತಗಲಿಸಿ ಹೋಗು ಕಾಗದ. ಷೆಡ್ಡಲ್ಲಿ ಇಟ್ರೆ ಯಾರಾದ್ರೂ ಜೇಬಿಗೆ ಕೈ ಹಾಕ್ತಾರೆ. ಕಾಲ ಸರಿ ಇಲ್ಲ."

ಐದು ವಾರ ಕಳೆದಾಗ ಯಜಮಾನರು ಟಾರ್ಚು ಹಿಡಿದು ನೆಲಮಾಳಿಗೆಗೆ ಬಂದರು. ಕೊಳ್ಳುವವರು ಬರಲು ಇನ್ನು ಹದಿಮೂರು ದಿನ. ಮೊದಲ ಹಲಗೆಯ ಬಾಟಲಿಯ ಹಿಂದೆ ಬೆಳಕು ಬಿಟ್ಟರು: ಮಂಕು. ಎರಡನೆಯದು, ಮೂರನೆಯದು, ಎಂಟನೆಯವರೆಗೂ ಮಂಕು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಎಲ್ಲಾದರೂ ಒಂದು ಎಳೆ ಖುಷಿ ಕಾಣುತ್ತದೇನೋ ಎಂದು. ಕಾಣಲಿಲ್ಲ. ಬಣ್ಣಗೆಟ್ಟ ಮುಖದಲ್ಲೇ ಮೂಲೆಯ ಒಂಬತ್ತನೇ ಹಲಗೆಗೆ ಹೋದರು. ಬೆಳಕು ಬಾಟಲಿಯೊಳಗಿಂದ ಸೀದಾ ಹಾದು ಎದುರಿನ ಗೋಡೆಯ ಮೇಲೆ ಬಿತ್ತು. ಇನ್ನೊಂದು ಬಾಟಲಿ. ಇನ್ನೊಂದು. ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ತಿಳಿ.

"ಇದಕ್ಕೇನು ಮಾಡ್ದೆ?"

"ಎಲ್ಲದಕ್ಕೂ ಮಾಡಿದ ಹಾಗೇ..." ಅಂದೆ.

"ಇಲ್ಲ, ಇದಕ್ಕೇನೋ ಬೇರೆ ಮಾಡಿದೀಯ. ಅದನ್ನೇ ಉಳಿದ ಎಂಟಕ್ಕೂ ಮಾಡು. ಹದಿಮೂರು ದಿನ ಇದೆ." ಭುಜ ಹಿಡಿದು ಅಲುಗಿಸಿದರು. "ತೋಟ ಕೀಳೋಕೆ ನಂಗೇನು ಆಸೆ ಅಂದ್ಕೊಂಡಿದೀಯಾ?"

ಆ ಧ್ವನಿ ಕೇಳಿ ನನ್ನ ಐದು ವಾರದ ಪತ್ತೇದಾರಿಕೆ ಕುಸಿದುಬಿತ್ತು. ಅದಕ್ಕಿಂತ ದೊಡ್ಡ ಕಷ್ಟ ಬೇರೆ ಇತ್ತು. ಒಂಬತ್ತನೇ ಹಲಗೆಗೆ ನಾನು ಬೇರೆ ಮಾಡಿದ್ದು ನಿಜ: ಏನೂ ಮಾಡಿರಲಿಲ್ಲ. ಆ ಮೂಲೆಯ ಬಲ್ಬು ಮೊದಲ ದಿನವೇ ಹೋಗಿತ್ತು. ಹೊಸದು ತರಲು ಸೋಮಾರಿತನ, ಕತ್ತಲಲ್ಲಿ ಗೆರೆ ಕಾಣುವುದಿಲ್ಲ. ದಿನದ ಲೆಕ್ಕದ ಪುಸ್ತಕದಲ್ಲಿ ಮಾತ್ರ 'ತಿರುಗಿಸಲಾಯಿತು' ಎಂದು ಬರೆದು ಮೇಲೆ ಬರುತ್ತಿದ್ದೆ.

ಅಂದು ಮಧ್ಯಾಹ್ನ ಕೋಟು ತಗಲಿಹಾಕಿ ಷೆಡ್ಡಿಗೆ ಹೋದೆ. ನಿದ್ದೆ ಹತ್ತಿರ ಸುಳಿಯಲಿಲ್ಲ. ಕಾಲು ಗಂಟೆಗೇ ಎದ್ದು ವಾಪಸ್ಸು ಬಂದೆ. ಮೇಜಿನ ಹಿಂದೆ ಯಾರೂ ಇರಲಿಲ್ಲ. ಅರ್ಧ ಮೂಸಿದ ಬಿರಡೆಯ ಚೀಲ ಬಾಯಿ ತೆರೆದು ಬಿದ್ದಿತ್ತು. ನನ್ನ ಕೋಟು ಗೂಟದಲ್ಲೇ ಇತ್ತು. ಜೇಬಿಗೆ ಕೈ ಹಾಕಿದೆ. ಬೀಗದ ಕೈ ಇರಲಿಲ್ಲ.

ಮೆಟ್ಟಿಲ ಮೇಲೆ ನಿಂತಾಗ ಕೆಳಗಿನಿಂದ ಸದ್ದು ಕೇಳಿತು. ಮೊದಲು ಅಂಗೈಯಿಂದ ತಟ್ಟಿದ ಮೆತ್ತನೆ ಸದ್ದು, ಹಿಂದೆಯೇ ಗಾಜು ಮರಕ್ಕೆ ಉಜ್ಜಿದ ಸದ್ದು. ತಟ್ಟು, ಉಜ್ಜು, ತಟ್ಟು, ಉಜ್ಜು. ಎಲ್ಲೂ ತಡವರಿಕೆಯಿಲ್ಲ. ಎರಡು ಮೆಟ್ಟಿಲಿಳಿದು ಬಗ್ಗಿ ನೋಡಿದೆ. ತಂತಿಯ ಮುಖವಾಡ ಹಾಕಿಕೊಂಡು, ಎರಡೂ ಕೈಯಲ್ಲಿ ಎರಡು ಬಾಟಲಿ ಹಿಡಿದು, ದೊಡ್ಡಕ್ಕ ಹಲಗೆಯ ಉದ್ದಕ್ಕೂ ನಡೆದುಹೋಗುತ್ತಿದ್ದರು. ನನಗೆ ಎರಡು ಗಂಟೆ ಹಿಡಿಯುವ ಕೆಲಸ ಅವರಿಗೆ ಊಟದ ಹೊತ್ತಿನ ಅರ್ಧದಲ್ಲಿ ಮುಗಿಯುವಂತಿತ್ತು.

"ಬಾಗಿಲು ಎಳ್ಕೊಂಡು ಬಾ" ಅಂದರು, ತಿರುಗಿ ನೋಡದೆ. "ಗಾಳಿ ನುಗ್ಗುತ್ತೆ."

"ದೊಡ್ಡಕ್ಕ, ನೀವಾ?"

"ಇನ್ಯಾರು ಅಂದ್ಕೊಂಡಿದ್ದೆ?"

"ಯಜಮಾನ್ರು ಅಂತ."

"ಅವನಾ? ಅವನು ಕೈಯಿಟ್ರೆ ಹಲಗೆ ಸಮೇತ ಬೀಳ್ಸ್ತಾನೆ." ಕೈಯಲ್ಲಿದ್ದ ಜೋಡಿ ಮುಗಿಸಿ, ಮುಖವಾಡ ಮೇಲೆತ್ತಿ, ಒಂದೇ ಕಣ್ಣಿನಲ್ಲಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈಗ ನೀನು ಹೇಳು. ಆ ಸಸಿ ಮಾರೋನು ನಿಂಗೇನು ಕೊಟ್ಟ?"

"ನಂಗಾ? ಏನೂ ಇಲ್ಲ."

"ಪುಕ್ಕಟೆಗೇ ಕೆಡಿಸ್ತಿದೀಯಾ ಹಾಗಾದ್ರೆ?"

ಆಗ ಗೊತ್ತಾಯಿತು. ಐದು ವಾರ ನಾನು ಅವರನ್ನು ಹುಡುಕುತ್ತಿದ್ದರೆ, ಅವರು ನನ್ನನ್ನು ಕಾಯುತ್ತಿದ್ದರು. ಅವರು ಮಧ್ಯಾಹ್ನ ಮಾಡಿಟ್ಟದ್ದನ್ನು ನಾನು ಬೆಳಿಗ್ಗೆ ಹಿಂದಕ್ಕೆ ತಿರುಗಿಸುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ಇಲ್ಲಿ ಕೋಣ ಯಾರೆಂದು ಕೇಳುವ ಅಗತ್ಯವಿರಲಿಲ್ಲ.

"ನಾನು ಸರಿಮಾಡ್ತಿದ್ದೆ ದೊಡ್ಡಕ್ಕ. ಕಾಗದದಲ್ಲಿ ಹಾಗೇ ಇದೆ."

"ಕಾಗದ ಬರೆದೋನು ಸಿಡುಕಿ ಗಸಿ ಕಂಡಿದಾನಾ? ಬೇರೆ ದ್ರಾಕ್ಷಿದು ಮರಳಿನ ಹಾಗೆ ಜಾರುತ್ತೆ. ಇದು ಗೋಂದು. ಗಾಜಿಗೆ ಅಂಟ್ಕೊಂಡು ಕೂತಿರುತ್ತೆ. ಮೊದಲು ಒಂದು ತಟ್ಟಬೇಕು, ಎದ್ದೇಳೋ ಹಾಗೆ. ಆಮೇಲೆ ಮುಂದಕ್ಕೆ ಒಂದು ಸುತ್ತಿನ ಎಂಟನೇ ಪಾಲು. ಅದರಲ್ಲಿ ಅರ್ಧ ಹಿಂದಕ್ಕೆ. ನೀನು ಬಂದು ಎಲ್ಲಾ ಎಳೆದು ಮತ್ತೆ ಕದಡ್ತಿದ್ದೆ." ಅವರು ಒಂದು ಹೆಜ್ಜೆ ಹತ್ತಿರ ಬಂದರು. "ಒಂದು ಮಾತ್ರ ನಂಗೆ ಅರ್ಥ ಆಗಿಲ್ಲ. ಒಂಬತ್ತನೇದನ್ನ ಯಾಕೆ ಬಿಟ್ಟೆ? ಎಂಟು ಕೆಡಿಸಿ ಒಂದು ಬಿಡೋದ್ರಲ್ಲಿ ಏನೋ ಮಸಲತ್ತು ಇದೆ ಅಂತ ನಿದ್ದೆ ಬಿಟ್ಟು ಯೋಚ್ನೆ ಮಾಡಿದೀನಿ."

"ಅಲ್ಲಿ ಬಲ್ಬು ಹೋಗಿದೆ."

"ಅದಕ್ಕೆ ಬೆಳಕು ಯಾಕೆ, ಕೈಗೇ ಗೊತ್ತಾಗುತ್ತೆ. ಅಷ್ಟೇನಾ?"

"ಅಷ್ಟೇ."

ದೊಡ್ಡಕ್ಕ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಸೋಮಾರಿತನದಿಂದ ನೂರಿಪ್ಪತ್ತು ಉಳಿಸಿದೀಯ. ಕೆಲಸ ಮಾಡಿ ಒಂಬೈನೂರ ಅರವತ್ತು ಹಾಳು ಮಾಡಿದೀಯ" ಅಂದರು. ಮುಖವಾಡ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರು, "ತಮ್ಮನಿಗೆ ಹೇಳ್ತೀಯಾ?"

ಹೇಳಿದರೆ ಬೀಗ ಬದಲಾಗುತ್ತದೆ, ಬೀಗ ಬದಲಾದರೆ ತೋಟ ಹೋಗುತ್ತದೆ. ಇದು ಇಬ್ಬರಿಗೂ ಗೊತ್ತಿತ್ತು. ನಾನು ಹೇಳುವುದಿಲ್ಲ ಎಂದೆ. ಅವರು ನಂಬಲಿಲ್ಲ. ಆದರೆ ಬೇರೆ ದಾರಿಯೂ ಇರಲಿಲ್ಲ.

ಮಾರನೆಯ ದಿನದಿಂದ ಬೆಳಿಗ್ಗೆ ನಾನು ಕೆಳಗಿಳಿದು ಏನನ್ನೂ ಮುಟ್ಟದೆ ಕೂರುತ್ತಿದ್ದೆ. ಅದರಲ್ಲಿ ನನಗೆ ಪಳಗಿದ ಕೈ. ಮಧ್ಯಾಹ್ನ ಒಂದು ಸಲ, ಸಂಜೆ ಯಜಮಾನರು ತೋಟದಿಂದ ಇಳಿಯುವ ಮುಂಚೆ ಇನ್ನೊಂದು ಸಲ ದೊಡ್ಡಕ್ಕ ತಿರುಗಿಸುತ್ತಿದ್ದರು. ಅವರು ತಿರುಗಿಸುವಾಗ ನನ್ನ ಕೈಗೆ ನೀರು ತುಂಬಿದ ಬಾಟಲಿ ಕೊಟ್ಟು ತಟ್ಟಲು ಕಲಿಸಿದರು. "ಬಾಗಿಲು ಬಡಿಯೋ ಹಾಗಲ್ಲ ಕಣೋ. ಮಲಗಿರೋ ಮಗೂನ ಎಬ್ಬಿಸೋ ಹಾಗೂ ಅಲ್ಲ. ಸಾಲ ಕೇಳೋಕೆ ಬಂದೋನ ಬೆನ್ನು ತಟ್ಟಿ ಕಳಿಸ್ತೀವಲ್ಲ, ಹಾಗೆ." ಆ ಹೋಲಿಕೆಯಿಂದ ನನಗೆ ಒಮ್ಮೆಗೇ ಬಂತು, ಅಂಥ ತಟ್ಟು ನಾನು ಬಹಳ ತಿಂದಿದ್ದೆ. ಎಂಟನೇ ದಿನ ಎಂಟನೇ ಹಲಗೆಯನ್ನು ಬೆಳಿಗ್ಗೆ ತಿರುಗಿಸಲು ನನಗೆ ಬಿಟ್ಟುಕೊಟ್ಟರು. ನಾನು ಮುಗಿಸಿದ ಮೇಲೆ ಪ್ರತಿ ಗೆರೆಯನ್ನೂ ಬೆರಳಿಟ್ಟು ನೋಡಿದರು.

ಕೊಳ್ಳುವವರು ಬರುವ ಎರಡು ದಿನ ಮುಂಚೆ, ಬೆಳಿಗ್ಗೆ, ನಾನು ಆ ಹಲಗೆ ತಿರುಗಿಸುತ್ತಿದ್ದಾಗ ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಯಜಮಾನರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಈ ತಟ್ಟು ಎಲ್ಲಿ ಕಲಿತೆ?"

"ಕಾಗದದಲ್ಲಿ."

"ಕೊಡಿಲ್ಲಿ." ಓದಿ ಮಡಿಸಿ ವಾಪಸ್ಸು ಕೊಟ್ಟರು. "ಇದರಲ್ಲಿ ತಟ್ಟೋದು ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕೋಟಿನ ಜೇಬು ಮುಟ್ಟಿಕೊಂಡೆ. ಅವರು ಅದನ್ನು ನೋಡಿದರು.

"ಅಕ್ಕ ಎಷ್ಟು ದಿನದಿಂದ ಬರ್ತಿದಾಳೆ?"

ಸುಳ್ಳು ಹೇಳಲು ಬಾಯಿ ತೆರೆದೆ. ನನ್ನ ಸುಳ್ಳುಗಳಿಗೂ ನನ್ನ ಗಂಟುಗಳಿಗೂ ಬಾಳಿಕೆ ಒಂದೇ. "ಮೊದಲು ಬಾಟಲಿ ನೋಡಿ ಯಜಮಾನ್ರೇ" ಅಂದೆ.

ಟಾರ್ಚು ಹಾಕಿದರು. ಮೊದಲ ಹಲಗೆ ತಿಳಿ. ಎರಡನೆಯದು ತಿಳಿ. ಮೂರು, ನಾಲ್ಕು, ಐದು, ಆರು. ಏಳನೆಯದು ಮಂಕು, ಎಂಟನೆಯದು ಅರೆಮಂಕು. ಒಂದೊಂದರ ಮುಂದೆಯೂ ಅವರು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತರು.

"ದ್ರಾಕ್ಷಿ ತಪ್ಪಲ್ಲ" ಅಂದೆ. "ಕೈ ತಪ್ಪು. ನನ್ನ ಕೈ. ಒಂಬತ್ತನೇ ಹಲಗೇನ ನಾನು ಮುಟ್ಟೇ ಇಲ್ಲ. ಮುಟ್ಟಿದ್ದೆಲ್ಲ ಮಂಕಾಗಿತ್ತು. ಪುಸ್ತಕದಲ್ಲಿ ಬರೆದಿರೋದು ಸುಳ್ಳು." ಇಷ್ಟು ಹೇಳಿ, ನಾಲ್ಕನೆಯ ಕೆಲಸವೂ ನನ್ನನ್ನು ಬಿಟ್ಟಿತೆಂದು ಕೋಟಿನ ಗುಂಡಿ ಹಾಕಿಕೊಂಡೆ.

ಅವರು ನನ್ನ ಕಡೆ ನೋಡಲೂ ಇಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದರು. ನಾನು ಮೆಟ್ಟಿಲ ನಡುವೆ ನಿಂತು ಕಿವಿಗೊಟ್ಟೆ.

"ತಂತಿ ಮುಖವಾಡ ಹಾಕ್ಕೊಂಡಿದ್ಯಾ?" ಇದು ತಮ್ಮ.

"ಹಾಕ್ಕೊಂಡಿದ್ದೆ."

"ಪ್ರತಿ ಸಲ?"

"ಉಳಿದಿರೋದು ಒಂದೇ ಕಣ್ಣು ಅಂತ ನಂಗೂ ಗೊತ್ತು."

ಇಣುಕಿ ನೋಡಿದೆ. ಯಜಮಾನರು ಅಕ್ಕನ ಎದುರು ಸ್ಟೂಲಿನ ಮೇಲೆ ಕೂತಿದ್ದರು. ಚೀಲದಿಂದ ಒಂದು ಬಿರಡೆ ತೆಗೆದು ಮೂಸಿ ಬಲಗಡೆ ಬುಟ್ಟಿಗೆ ಹಾಕಿದರು. ದೊಡ್ಡಕ್ಕ ಅದನ್ನು ಎತ್ತಿ, ತಾವೂ ಮೂಸಿ, ಎಡಗಡೆ ಬುಟ್ಟಿಗೆ ಹಾಕಿದರು.

"ಸಸಿಯವನಿಗೆ ಏನ್ ಹೇಳ್ಲಿ?"

"ಅವನ ಕೈ ಮೂಸಿದ್ಯಾ?"

"ನಾನ್ಯಾಕೆ ಮೂಸ್ಲಿ?"

"ನಾನು ಮೂಸಿದೀನಿ. ಸಸಿ ಮಾರೋನ ಕೈಯಲ್ಲಿ ಮಣ್ಣಿನ ವಾಸನೆನೇ ಇಲ್ಲ."

ಕೊಳ್ಳುವವರು ಬಂದು ಏಳು ಹಲಗೆಯ ವೈನ್ ಒಪ್ಪಿಕೊಂಡರು. ನನ್ನ ಎಂಟನೆಯದು, ಮೊಂಡುಬಿದ್ದ ಏಳನೆಯದು ಎರಡೂ ಮನೆಯಲ್ಲೇ ಉಳಿದವು. ಚಳಿ ಶುರುವಾದಾಗ ಯಜಮಾನರು ಮೇಲಿನ ತೋಟಕ್ಕೆ ಹೊರಟರು. ಅವರ ಕೈಯಲ್ಲಿ ಏನಿದೆ ಎಂದು ದೊಡ್ಡಕ್ಕ ಕಿಟಕಿಯಿಂದ ಬಗ್ಗಿ ನೋಡಿದರು. ಬಳ್ಳಿ ಸವರುವ ಕತ್ತರಿ ಇತ್ತು, ಗುದ್ದಲಿ ಇರಲಿಲ್ಲ. ಆದರೂ ಹಿಂದೆಯೇ ಹೋಗಿ ಒಂದು ಸುತ್ತು ನೋಡಿಕೊಂಡು ಬಂದರು.

ನೆಲಮಾಳಿಗೆಗೆ ಈಗ ಮೂರು ಕೀಲಿ. ಬಾಗಿಲ ಹಿಂದಿನ ಮೊಳೆಗೆ ಎರಡು ಮುಖವಾಡ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಯಾಕೆಂದು ಕೇಳುವ ಧೈರ್ಯ ನನಗೆ ಬಂದಿಲ್ಲ. ಒಂಬತ್ತನೇ ಹಲಗೆಯ ಮೂಲೆಗೆ ಹೊಸ ಬಲ್ಬು ಹಾಕಿದ್ದೇನೆ. ಹೊಸ ಬಾಟಲಿಗಳು ಏರಿದ ಮಾರನೆಯ ಬೆಳಿಗ್ಗೆ ಆ ಬೆಳಕಿನಲ್ಲಿ ಒಂದು ಸಣ್ಣ ನೂಲು ಕಂಡಿತು. ಹಲಗೆಗೆ ಅಡ್ಡ, ಈ ತುದಿಯಿಂದ ಆ ತುದಿಗೆ, ಚಪ್ಪಟೆಯಾದ ಅಂದದ ಗಂಟು ಹಾಕಿ ಕಟ್ಟಿದ್ದರು. ಬಾಟಲಿ ತಿರುಗಿಸಿದರೆ ನೂಲು ಹರಿಯುತ್ತದೆ. ಹರಿಯದಿದ್ದರೆ ನಾನು ತಿರುಗಿಸಿಲ್ಲ.

ಮುಖವಾಡ ಹಾಕಿಕೊಂಡು ಮೊದಲ ಬಾಟಲಿಗೆ ಕೈಯಿಟ್ಟೆ.